ನಾಲಿಗೆ ನ್ಯಾಯಪೀಠವಾಗದಿರಲಿ

ಮಾತು ಮನುಷ್ಯನಿಗೆ ಶಿವನು ದಯಪಾಲಿಸಿದ ಪ್ರಸಾದ. ಪಶುಪಕ್ಷಿಗಳಿಗೆ ಹಸಿವು ಉಂಟು, ನಿದ್ರೆ ಉಂಟು, ಭಯ ಉಂಟು. ಮಾತು ಮಾತ್ರ ಇಲ್ಲ. ಪ್ರಸಾದವನ್ನು ಭಕ್ತಿಯಿಂದ ಕೈಯೊಡ್ಡಿ ಸ್ವೀಕರಿಸಿದವನು ಒಂದಗುಳನ್ನೂ ನೆಲಕ್ಕೆ ಚೆಲ್ಲುವುದಿಲ್ಲ. ಆದರೆ ಮಾತನ್ನು ನಾವು ಬೆಳಗಿನಿಂದ ಸಂಜೆಯವರೆಗೆ ಚೆಲ್ಲುತ್ತಲೇ ಇರುತ್ತೇವೆ. ಚೆಲ್ಲಿದ ಅನ್ನವನ್ನು ಇರುವೆಯಾದರೂ ತಿಂದೀತು. ಚೆಲ್ಲಿದ ಮಾತು ಇನ್ನೊಬ್ಬರ ಬದುಕನ್ನು ತಿನ್ನುತ್ತದೆ.

ಕಳೆದ ಶ್ರಾವಣದ ಒಂದು ಸೋಮವಾರ ಪ್ರವಚನ ಮುಗಿದು, ದಾಸೋಹವಾಗಿ, ಭಕ್ತರು ಮಠದ ಕಟ್ಟೆಯ ಮೇಲೆ ಕುಳಿತಿದ್ದರು. ದೂರದ ಯಾವುದೋ ಹಳ್ಳಿಯ ಹೊಲದ ಮನೆಯಲ್ಲಿ ನಡೆದ ಕೊಲೆಯ ವಿಚಾರ ಬಂದಿತು. ಆ ಊರನ್ನು ಅಲ್ಲಿದ್ದವರಲ್ಲಿ ಒಬ್ಬರೂ ಕಂಡವರಲ್ಲ. ಸುದ್ದಿ ಬಂದದ್ದು ಮೊಬೈಲಿನಲ್ಲಿ. ಆದರೂ ಒಬ್ಬರು ಅಳಿಯನದೇ ಕೆಲಸ ಎಂದರು. ಇನ್ನೊಬ್ಬರು ಭಾಗಾದಿಗಳದು ಎಂದರು. ಮತ್ತೊಬ್ಬರು ಮನೆಯ ಆಳಿನ ಹೆಸರು ಹೇಳಿದರು. ಅರ್ಧ ತಾಸಿನಲ್ಲಿ ಮೂವರು ಕೊಲೆಗಾರರು ಸಿದ್ಧರಾದರು. ಕೊನೆಗೆ ಹಿರಿಯರೊಬ್ಬರು ನಮ್ಮ ಕಡೆ ತಿರುಗಿ, 'ಅಜ್ಜಾರ, ನಿಮಗ ಯಾರ ಮ್ಯಾಲ ಸಂಶಯ ಬರತೈತ್ರಿ?' ಎಂದು ಕೇಳಿದರು.

ನಾವು ಉತ್ತರ ಕೊಡುವ ಮೊದಲೇ, ಜರ್ಮನಿಯ ಮ್ಯೂನಿಕ್ ನಗರದಲ್ಲಿ ನೌಕರಿ ಮಾಡಿಕೊಂಡು ರಜೆಗೆ ಊರಿಗೆ ಬಂದಿದ್ದ ತರುಣ ಭಕ್ತನೊಬ್ಬನು, 'ಅಪ್ಪಾವರ, ನಾವಿರೋ ಸೀಮ್ಯಾಗ ಇಂಥಾದ್ದ ಒಂದು ನೂರು ವರ್ಷದ ಹಿಂದ ಆಗೈತ್ರಿ. ಜನ ಇನ್ನೂ ಅದನ್ನ ಮಾತಾಡ್ತಾರ' ಎಂದನು. ಅಂದು ಅವನು ಹೇಳಿದ ವೃತ್ತಾಂತವನ್ನು ಆಮೇಲೆ ನಾವೂ ಓದಿ ತಿಳಿದುಕೊಂಡೆವು. ನಮ್ಮ ಕಟ್ಟೆಯ ಮೇಲಿನ ಮಾತಿಗೂ ಆ ದೇಶದ ಮಾತಿಗೂ ಎಳ್ಳಷ್ಟೂ ಭೇದ ಕಾಣದ ಕಾರಣ ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮ್ಯೂನಿಕ್ ನಗರದಿಂದ ಉತ್ತರಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ಹಿಂಟರ್‌ಕೈಫೆಕ್ ಎಂಬ ಒಂಟಿ ಹೊಲದ ಮನೆಯಿತ್ತು. ಹತ್ತಿರದ ಊರು ಅರ್ಧ ಕಿಲೋಮೀಟರ್ ದೂರ. ಮನೆಯಲ್ಲಿ 63 ವರ್ಷದ ಯಜಮಾನ, 72 ವರ್ಷದ ಅವನ ಪತ್ನಿ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ 35 ವರ್ಷದ ಮಗಳು, ಅವಳ ಇಬ್ಬರು ಮಕ್ಕಳು. ಹುಡುಗಿಗೆ 7 ವರ್ಷ, ಗಂಡುಮಗುವಿಗೆ 2 ವರ್ಷ. 1922ರ ಮಾರ್ಚ್ 31, ಶುಕ್ರವಾರ, 44 ವರ್ಷದ ಹೆಣ್ಣುಮಗಳೊಬ್ಬಳು ಆ ಮನೆಗೆ ಕೆಲಸಕ್ಕೆಂದು ಹೊಸದಾಗಿ ಬಂದಳು. ಅವಳನ್ನು ಬಿಡಲು ಬಂದ ಅಕ್ಕ ತಂಗಿಯರ ಬೀಳ್ಕೊಡುಗೆ ಅದೇ ಕೊನೆಯದಾಯಿತು. ಅಂದು ರಾತ್ರಿ ಆ ಆರು ಜೀವಗಳೂ ಕೊಲೆಯಾದವು. ತೊಟ್ಟಿಲ ಹಸುಳೆಯನ್ನೂ ಬಿಡಲಿಲ್ಲ.

ವಿಷಯ ಊರಿಗೆ ತಿಳಿದದ್ದು ಏಪ್ರಿಲ್ 4ರಂದು, ಮಂಗಳವಾರ. ನಡುವಿನ ದಿನಗಳಲ್ಲಿ ಆ ಹುಡುಗಿ ಶಾಲೆಗೆ ಬರಲಿಲ್ಲ. ಭಾನುವಾರ ಮನೆಯವರು ಯಾರೂ ಚರ್ಚಿಗೆ ಬರಲಿಲ್ಲ. ಅಂಚೆಯವನು ತಂದ ಪತ್ರಗಳು ಇಟ್ಟಲ್ಲಿಯೇ ಇದ್ದವು. ಯಂತ್ರ ರಿಪೇರಿಗೆಂದು ಬಂದ ಒಬ್ಬ ಕೆಲಸಗಾರ ಮನೆಯವರ ಮುಖವನ್ನೇ ಕಾಣದೆ ತಾಸುಗಟ್ಟಲೆ ದುಡಿದು ಹೋದನು. ಆದರೂ ಯಾರಿಗೂ ಶಂಕೆ ಬರಲಿಲ್ಲ. ಏಕೆಂದರೆ ಆ ಮನೆಯ ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು. ದನಗಳಿಗೆ ಮೇವು ಬೀಳುತ್ತಿತ್ತು. ಕೊಂದವನು ಓಡಿಹೋಗದೆ ಆ ಹೆಣಗಳ ನಡುವೆಯೇ ಕೆಲವು ದಿನ ಇದ್ದು, ಒಲೆ ಹಚ್ಚಿ ಉಂಡಿದ್ದನೆಂದು ಪೊಲೀಸರು ತಿಳಿದರು.

ಹೊಗೆಯ ಈ ಸಂಗತಿಯನ್ನು ಓದಿದಾಗ ನಮ್ಮ ವಿದ್ಯಾರ್ಥಿ ದೆಸೆಯ ತರ್ಕಪಾಠ ನೆನಪಾಯಿತು. ಸತ್ಯವನ್ನು ತಿಳಿಯಲು ಪ್ರತ್ಯಕ್ಷವೊಂದು ಪ್ರಮಾಣ, ಅನುಮಾನವೊಂದು ಪ್ರಮಾಣ, ಆಪ್ತರ ಮಾತೊಂದು ಪ್ರಮಾಣ ಎಂದು ನಮ್ಮ ಶಾಸ್ತ್ರಗಳು ಹೇಳುತ್ತವೆ. ಅನುಮಾನಕ್ಕೆ ಗುರುಗಳು ಕೊಡುತ್ತಿದ್ದ ಉದಾಹರಣೆ ಹೊಗೆ ಮತ್ತು ಬೆಂಕಿ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ತಿಳಿಯಬಹುದು. ಹೊಗೆ ಇರುವಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆ ಎಂಬ ತಪ್ಪದ ನಿಯಮ ಇರುವುದರಿಂದ. ಈ ತಪ್ಪದ ನಿಯಮಕ್ಕೆ ವ್ಯಾಪ್ತಿ ಎಂದು ಹೆಸರು. ವ್ಯಾಪ್ತಿಯಿಲ್ಲದ ಅನುಮಾನ ಪ್ರಮಾಣವಾಗದು. ಆ ಜರ್ಮನಿಯ ಹಳ್ಳಿಯವರು ಹೊಗೆ ಕಂಡು ಬೆಂಕಿ ಇದೆ ಎಂದುಕೊಂಡರು, ಅದು ಸರಿ. ಬೆಂಕಿ ಇದ್ದ ಮೇಲೆ ಮನೆಯವರು ಬದುಕಿದ್ದಾರೆ ಎಂದುಕೊಂಡರು, ಅದು ತಪ್ಪಾಯಿತು. ಒಂದೇ ಹೆಜ್ಜೆ ಹೆಚ್ಚು ಇಟ್ಟದ್ದರಿಂದ ನಾಲ್ಕು ದಿನ ಸತ್ಯ ಮುಚ್ಚಿಹೋಯಿತು.

ನಮ್ಮ ಕನ್ನಡದ ರೂಢಿಯಲ್ಲಿ ಒಂದು ವಿಚಿತ್ರ ನಡೆದಿದೆ. ಶಾಸ್ತ್ರದಲ್ಲಿ ಅನುಮಾನವೆಂದರೆ ಹೇತು, ನಿಯಮ, ದೃಷ್ಟಾಂತಗಳಿಂದ ಸಿದ್ಧವಾದ ಜ್ಞಾನ. ಬೀದಿಯಲ್ಲಿ ಅನುಮಾನವೆಂದರೆ ಬರಿಯ ಗುಮಾನಿ. ಹೆಸರು ಒಂದೇ, ಒಂದು ಜ್ಞಾನ, ಇನ್ನೊಂದು ಅಜ್ಞಾನ. 'ನನಗೆ ಅವನ ಮೇಲೆ ಅನುಮಾನ' ಎಂದು ಒಬ್ಬನು ಹೇಳುವಾಗ ಅವನ ಕೈಯಲ್ಲಿರುವುದು ಗುಮಾನಿ. ಅವನು ಅದಕ್ಕೆ ಕೊಡುವ ಬೆಲೆ ಮಾತ್ರ ಪ್ರಮಾಣದ್ದು. ಇಂದಿನ ಲೇಖನದಲ್ಲಿ ನಾವು ಹೇಳಬೇಕಾದದ್ದು ಇಷ್ಟೇ: ಗುಮಾನಿಯನ್ನು ಪ್ರಮಾಣದ ಪೀಠದಲ್ಲಿ ಕೂಡಿಸಬಾರದು.

ಮತ್ತೆ ಆ ಮನೆಯ ಕಥೆಗೆ ಬರೋಣ. ಶವಗಳನ್ನು ಕಂಡ ಸುದ್ದಿ ಹರಡಿದೊಡನೆ ಸುತ್ತಲಿನ ಜನ ನೋಡಲು ನುಗ್ಗಿದರು. ಮ್ಯೂನಿಕ್ಕಿನಿಂದ ಪೊಲೀಸ್ ಅಧಿಕಾರಿಗಳು ಬರುವಷ್ಟರಲ್ಲಿ ಶವಗಳನ್ನು ಸರಿಸಿದ್ದರು, ಸಾಮಾನುಗಳನ್ನು ಮುಟ್ಟಿದ್ದರು. ಆ ಅಡುಗೆಮನೆಯಲ್ಲಿಯೇ ಬೇಯಿಸಿಕೊಂಡು ಉಂಡವರೂ ಇದ್ದರೆಂದು ಹೇಳುತ್ತಾರೆ. ಕೊಲೆಗಾರನು ಬಿಟ್ಟುಹೋದ ಗುರುತುಗಳು ಕುತೂಹಲಿಗಳ ಕಾಲಡಿಯಲ್ಲಿ ಅಳಿಸಿದವು. ಆಮೇಲೆ ಅದೇ ಜನ 'ಪೊಲೀಸರಿಗೆ ಏನೂ ಸಿಗಲಿಲ್ಲ' ಎಂದು ದೂರಿದರು. ನಮ್ಮ ಹಳ್ಳಿಗಳಲ್ಲಿ ಇದು ನಡೆಯುವುದಿಲ್ಲವೇ? ಬಾವಿಯಲ್ಲಿ ಹೆಣ ತೇಲಿದರೆ ಜಾತ್ರೆಯಂತೆ ಜನ ಸೇರುತ್ತಾರೆ. ಪಂಚನಾಮೆಗೆ ಪೊಲೀಸರು ಬರುವ ಮೊದಲೇ ಮೊಬೈಲಿನಲ್ಲಿ ಚಿತ್ರ ಊರೂರು ಸುತ್ತಿರುತ್ತದೆ.

ಕೊಲೆಗಾರನನ್ನು ಹಿಡಿದುಕೊಟ್ಟವರಿಗೆ 1 ಲಕ್ಷ ಮಾರ್ಕ್ ಬಹುಮಾನವೆಂದು ಸರ್ಕಾರ ಸಾರಿತು. ವರ್ಷಗಳ ಅವಧಿಯಲ್ಲಿ ನೂರಕ್ಕೂ ಹೆಚ್ಚು ಜನರ ವಿಚಾರಣೆಯಾಯಿತು. ಕೊನೆಯ ವಿಚಾರಣೆ ನಡೆದದ್ದು 1986ರಲ್ಲಿ, ಕೊಲೆಯಾಗಿ 64 ವರ್ಷಗಳ ಮೇಲೆ. ಯಾರ ಮೇಲೂ ಅಪರಾಧ ಸಿದ್ಧವಾಗಲಿಲ್ಲ. ಸರ್ಕಾರಕ್ಕೆ ಸಿಗದ ಕೊಲೆಗಾರ ಜನರಿಗೆ ಮಾತ್ರ ದಿನಕ್ಕೊಬ್ಬನು ಸಿಕ್ಕನು.

ಕೆಲವರು ದಾರಿಹೋಕ ದರೋಡೆಕೋರರು ಎಂದರು. ಮನೆಯಲ್ಲಿ ಹಣ ಹಾಗೆಯೇ ಉಳಿದಿತ್ತೆಂದು ತಿಳಿದಾಗ ಆ ಮಾತು ತಣ್ಣಗಾಯಿತು. ಇನ್ನು ಕೆಲವರು ಸತ್ತ ಮಗಳ ಗಂಡನೇ ಬಂದು ಕೊಂದನೆಂದರು. ಆತನು 1914ರ ಡಿಸೆಂಬರಿನಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮಡಿದ ಸೈನಿಕ. ಅವನ ಶವ ಮನೆಗೆ ಬಂದಿರಲಿಲ್ಲ ಎಂಬುದೊಂದೇ ಆಧಾರ. ಜೊತೆಗಿದ್ದ ಸೈನಿಕರು 'ಅವನ ಹೆಣವನ್ನು ನಾವು ಕಂಡಿದ್ದೇವೆ' ಎಂದು ಹೇಳಿದರೂ ಜನ ಕೇಳಲಿಲ್ಲ. ದೇಶಕ್ಕಾಗಿ ಪ್ರಾಣ ಕೊಟ್ಟವನನ್ನು ಸಮಾಧಿಯಿಂದ ಎಬ್ಬಿಸಿ, ಹೆಂಡತಿ ಮಕ್ಕಳನ್ನು ಕೊಂದವನನ್ನಾಗಿ ಮಾಡಿದರು. ಸತ್ತವನು ಬಂದು ತನ್ನ ಪರವಾಗಿ ಮಾತನಾಡಲಾರನಷ್ಟೆ.

ಮತ್ತೊಂದು ಬೆರಳು ನೆರೆಯ ಒಕ್ಕಲಿಗನ ಕಡೆ ತಿರುಗಿತು. ಶವಗಳನ್ನು ಮೊದಲು ಕಂಡ ಮೂವರಲ್ಲಿ ಅವನೊಬ್ಬ. ಉಳಿದವರು ಹೆದರಿ ಹಿಂದೆ ಸರಿದಾಗ ಅವನೊಬ್ಬನೇ ಮನೆಯೊಳಗೆ ಹೋದನು, ಹೆಣಗಳನ್ನು ಸರಿಸಿದನು, ಗಾಬರಿಯಾದಂತೆ ಕಾಣಲಿಲ್ಲ ಎಂಬುದೇ ಅವನ ಮೇಲಿನ ದೋಷ. ಮಗುವನ್ನು ಹುಡುಕಲು ಹೋದೆ ಎಂದು ಅವನು ಹೇಳಿಕೊಂಡನು. ಅವನ ಮೇಲೆ ನ್ಯಾಯಾಲಯದಲ್ಲಿ ಯಾವ ಅಪರಾಧವೂ ಸಾಬೀತಾಗಲಿಲ್ಲ. ಆದರೂ 'ಕೊಲೆಗಾರ' ಎಂದು ಕರೆಯುವುದನ್ನು ಜನ ಬಿಡಲಿಲ್ಲ. ಹಾಗೆ ಕರೆದವರ ಮೇಲೆ ಅವನು ಮಾನನಷ್ಟದ ಮೊಕದ್ದಮೆ ಹೂಡಿದನು, ಒಂದಲ್ಲ, ಹಲವು, ಗೆದ್ದನು ಕೂಡ. 1941ರಲ್ಲಿ ಸಾಯುವವರೆಗೆ ಅವನ ಬದುಕು ಇದರಲ್ಲಿಯೇ ಕಳೆಯಿತು. ಅವನ ಹೆಸರು ಪುಸ್ತಕಗಳಲ್ಲಿದೆ, ನಾವು ಬರೆಯುವುದಿಲ್ಲ. ಆ ಮನೆಯೊಳಗಿನ ಬಾಳಿನ ಬಗೆಗೂ ಆಡಬಾರದ ಸಂಗತಿಗಳಿದ್ದವು; ಅವೂ ನಮಗೆ ಬೇಡ. ಕೊಲೆಯಾದವರ ದೋಷಗಳನ್ನು ಎಣಿಸಿದರೆ ಕೊಂದವನ ಪಾಪ ಕಡಿಮೆಯಾಗದು.

ಇಷ್ಟೆಲ್ಲ ಮಾತು ನಡೆಯುತ್ತಿದ್ದಾಗ ಕೊಲೆಗೆ ಬಳಸಿದ ಗುದ್ದಲಿ ಎಲ್ಲಿತ್ತು? ಮರುವರ್ಷ, 1923ರಲ್ಲಿ, ಆ ಮನೆಯನ್ನು ಕೆಡವುವಾಗ ಅದು ಅಟ್ಟದಲ್ಲಿ ಸಿಕ್ಕಿತು. ಇಡೀ ಸೀಮೆ ಕೊಲೆಗಾರನನ್ನು ಹೆಸರು ಹಿಡಿದು ಕರೆಯುತ್ತಿದ್ದಾಗ ಕೊಂದ ಆಯುಧ ಕೊಲೆಯಾದ ಮನೆಯ ಸೂರಿನ ಕೆಳಗೇ ಇತ್ತು. ಎಲ್ಲರಿಗೂ ಬಾಯಿ ಇತ್ತು. ಹುಡುಕುವ ಕಣ್ಣು ಸಾಕಷ್ಟು ಇರಲಿಲ್ಲ.

ಇದು ಒಂದು ದೇಶದ ದೋಷವೆಂದು ತಿಳಿಯಬಾರದು. ಇದಕ್ಕೂ ಹತ್ತು ವರ್ಷ ಮೊದಲು, 1912ರ ಜೂನ್ ತಿಂಗಳಲ್ಲಿ, ಅಮೆರಿಕದ ಅಯೋವಾ ರಾಜ್ಯದ ವಿಲಿಸ್ಕಾ ಎಂಬ ಸಣ್ಣ ಊರಿನಲ್ಲಿ ಒಂದೇ ಮನೆಯಲ್ಲಿ ಎಂಟು ಜನರ ಹತ್ಯೆಯಾಯಿತು. ಅವರಲ್ಲಿ ಆರು ಜನ ಮಕ್ಕಳು. ಅಲ್ಲಿಯೂ ಊರ ಜನ ಮನೆಯೊಳಗೆ ಹೊಕ್ಕು ಕುರುಹುಗಳನ್ನು ಕೆಡಿಸಿದರು. ಊರಿನ ಪ್ರತಿಷ್ಠಿತ ರಾಜಕಾರಣಿಯೊಬ್ಬನೇ ಕೊಲ್ಲಿಸಿದನೆಂದು ಕೆಲವರು ಸಾರಿದರು. ಊರು ಎರಡು ಪಂಗಡವಾಯಿತು. ಧರ್ಮಬೋಧಕನೊಬ್ಬನ ಮೇಲೆ 1917ರಲ್ಲಿ ಎರಡು ಬಾರಿ ವಿಚಾರಣೆ ನಡೆದು, ಕೊನೆಗೆ ಅವನು ನಿರ್ದೋಷಿ ಎಂದು ಬಿಡುಗಡೆಯಾದನು. ನಿಜವಾದ ಕೊಲೆಗಾರ ಸಿಗಲೇ ಇಲ್ಲ. ಇಂದು ಆ ಮನೆಯಲ್ಲಿ ಹಣ ತೆತ್ತು ಒಂದು ರಾತ್ರಿ ಮಲಗಿ ಬರುವವರಿದ್ದಾರಂತೆ. ಮಕ್ಕಳು ಸತ್ತ ಕೋಣೆ ನೋಟಕರಿಗೆ ವಿನೋದವಾಯಿತು.

ನಮ್ಮ ದೇಶದಲ್ಲಿಯೂ ಇದನ್ನು ಕಂಡಿದ್ದೇವೆ. 2008ರಲ್ಲಿ ದಿಲ್ಲಿಯ ಬಳಿಯ ನೋಯ್ಡಾದಲ್ಲಿ ಒಬ್ಬ ಬಾಲಿಕೆ ಮತ್ತು ಆ ಮನೆಯ ಕೆಲಸದವನು ಕೊಲೆಯಾದಾಗ ದೇಶದ ಮನೆ ಮನೆಯಲ್ಲಿ ಟಿ.ವಿ. ಮುಂದೆ ತೀರ್ಪು ನಡೆಯಿತು. ತಾಯಿ ಅಳಲಿಲ್ಲ, ಆದ್ದರಿಂದ ತಾಯಿಯೇ ಎಂದವರು ಎಷ್ಟು ಜನ! 2013ರಲ್ಲಿ ತಂದೆ ತಾಯಿಗೆ ಶಿಕ್ಷೆಯಾಯಿತು. 2017ರ ಅಕ್ಟೋಬರಿನಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಅಂದು ಟಿ.ವಿ. ಮುಂದೆ ಕುಳಿತು ತೀರ್ಪು ಕೊಟ್ಟವರಲ್ಲಿ ಒಬ್ಬರಾದರೂ ತಮ್ಮ ತೀರ್ಪನ್ನು ಹಿಂದಕ್ಕೆ ಪಡೆದರೇ? ನ್ಯಾಯಾಲಯದ ತೀರ್ಪಿಗೆ ಅಪೀಲು ಉಂಟು. ನಾಲಿಗೆಯ ತೀರ್ಪಿಗೆ ಅಪೀಲು ಇಲ್ಲ.

ಕಣ್ಣಾರೆ ಕಂಡ ಸಾಕ್ಷಿಯಿಲ್ಲದ ಮೊಕದ್ದಮೆಗಳಲ್ಲಿ ಸಂದರ್ಭಗಳಿಂದ ಅಪರಾಧವನ್ನು ತಿಳಿಯುವುದು ಹೇಗೆಂಬುದಕ್ಕೆ ನಮ್ಮ ಸರ್ವೋಚ್ಚ ನ್ಯಾಯಾಲಯ 1984ರಲ್ಲಿ, ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿ, ಐದು ಸೂತ್ರಗಳನ್ನು ಹೇಳಿತು. ಅವನ್ನು ಪಂಚಶೀಲವೆಂದೇ ಕರೆಯಿತು. ಅವುಗಳ ತಾತ್ಪರ್ಯವಿದು: ಪ್ರತಿಯೊಂದು ಸಂದರ್ಭವೂ ಪೂರ್ಣವಾಗಿ ಸಾಬೀತಾಗಬೇಕು. ಅವು ಆರೋಪಿಯ ಅಪರಾಧಕ್ಕೆ ಮಾತ್ರ ಹೊಂದಬೇಕು. ಅವು ಖಚಿತವಾಗಿ ಅತ್ತಲೇ ಬೆರಳು ತೋರಬೇಕು. ಬೇರೆ ಎಲ್ಲ ಸಾಧ್ಯತೆಗಳನ್ನೂ ಅವು ತೊಡೆದುಹಾಕಬೇಕು. ಆತನು ನಿರಪರಾಧಿಯಾಗಿರಬಹುದೆಂಬುದಕ್ಕೆ ಎಡೆಯಿಲ್ಲದಂತೆ ಸರಪಳಿಯ ಕೊಂಡಿಗಳೆಲ್ಲ ಕೂಡಬೇಕು. 'ಇರಬಹುದು' ಎಂಬುದಕ್ಕೂ 'ಇರಲೇಬೇಕು' ಎಂಬುದಕ್ಕೂ ನಡುವೆ ಬಹಳ ದೂರವಿದೆ ಎಂಬುದನ್ನು ನ್ಯಾಯಮೂರ್ತಿಗಳು ಒತ್ತಿ ಹೇಳಿದರು. ಇದನ್ನು ಓದಿದ ನಮಗೆ ನಮ್ಮ ಗುರುಗಳ ವ್ಯಾಪ್ತಿಯ ಪಾಠವೇ ಕಿವಿಯಲ್ಲಿ ಕೇಳಿದಂತಾಯಿತು.

ತರ್ಕಶಾಸ್ತ್ರವು ಹೇತುವಿನಂತೆ ತೋರುವ ಹುಸಿ ಹೇತುವನ್ನು ಹೇತ್ವಾಭಾಸವೆನ್ನುತ್ತದೆ. ಅದರಲ್ಲಿ ಒಂದು ಬಗೆ, ಒಂದು ಹೇತುವಿಗೆ ಅಷ್ಟೇ ಬಲದ ಎದುರು ಹೇತು ಇರುವುದು. ಹಿಂಟರ್‌ಕೈಫೆಕ್ಕಿನಲ್ಲಿ ಕೊಂದವನು ದನಗಳಿಗೆ ಮೇವು ಹಾಕಿದ್ದನು. 'ಆದ್ದರಿಂದ ಆ ಮನೆಯ ಬಳಕೆಯುಳ್ಳವನೇ' ಎಂದು ಒಬ್ಬನು ವಾದಿಸಿದರೆ, 'ಹಸಿದ ದನ ಕೂಗಿದರೆ ಊರಿಗೆ ತಿಳಿದೀತೆಂದು ಹೆದರಿದ ಪರಕೀಯನೂ ಮೇವು ಹಾಕುತ್ತಾನೆ' ಎಂದು ಇನ್ನೊಬ್ಬನು ವಾದಿಸಬಹುದು. ಎರಡೂ ಸಮಬಲ, ಆದ್ದರಿಂದ ಎರಡರಿಂದಲೂ ಏನೂ ಸಿದ್ಧವಾಗದು.

ಇನ್ನೊಂದು ಬಗೆಗೆ ನಮ್ಮ ಗಾದೆಯೇ ದೃಷ್ಟಾಂತ. 'ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ' ಎನ್ನುತ್ತೇವೆ. ಹೆಗಲು ಮುಟ್ಟಿಕೊಂಡವನೇ ಕಳ್ಳನೆಂದು ನಗುತ್ತೇವೆ. ಒಂದು ಕ್ಷಣ ವಿಚಾರ ಮಾಡಬೇಕು. ಊರೆಲ್ಲ ಸೇರಿ ಕಳ್ಳ ಎಂದು ಕೂಗುವಾಗ, ಕುಂಬಳಕಾಯಿಯನ್ನು ಕಂಡೇ ಇರದ ಅಂಜುಬುರುಕನೂ ತನ್ನ ಹೆಗಲು ಮುಟ್ಟಿ ನೋಡಿಕೊಳ್ಳುವುದಿಲ್ಲವೇ? ಅಪರಾಧಿಯೂ ಬೆವರುತ್ತಾನೆ, ನಿರಪರಾಧಿಯೂ ಬೆವರುತ್ತಾನೆ. ದುಃಖದಲ್ಲಿ ಒಬ್ಬನು ಗೋಳಾಡುತ್ತಾನೆ, ಒಬ್ಬನು ಕಲ್ಲಾಗುತ್ತಾನೆ, ಒಬ್ಬನು ಸುಮ್ಮನೆ ದನಕ್ಕೆ ಮೇವು ಹಾಕಲು ಹೋಗುತ್ತಾನೆ. ಅತ್ತರೆ 'ನಾಟಕ' ಎನ್ನುವ, ಅಳದಿದ್ದರೆ 'ಕಲ್ಲೆದೆ' ಎನ್ನುವ ಊರಿನಲ್ಲಿ ಮನುಷ್ಯನು ಹೇಗೆ ಬದುಕಬೇಕು?

ಇದನ್ನು ಬರೆಯುವ ಅಧಿಕಾರ ನಮಗೆ ಇದೆಯೇ ಎಂದು ನಮ್ಮ ಮನಸ್ಸೇ ಕೇಳುತ್ತಿದೆ. ಆದ್ದರಿಂದ ಇಷ್ಟು ವರ್ಷ ಯಾರ ಮುಂದೆಯೂ ಆಡದ ಮಾತೊಂದನ್ನು ಹೇಳಬೇಕಾಗಿದೆ.

ಮೂವತ್ತು ವರ್ಷಗಳ ಹಿಂದಿನ ಸಂಗತಿ. ನಾವು ಪೀಠಕ್ಕೆ ಬಂದು ಬಹಳ ದಿನಗಳಾಗಿರಲಿಲ್ಲ. ನಮ್ಮ ಮಠದ ಭಕ್ತರಿರುವ ಒಂದು ಹಳ್ಳಿಯ ಹೊಲದ ಮನೆಯಲ್ಲಿ ವೃದ್ಧ ದಂಪತಿಗಳ ಕೊಲೆಯಾಯಿತು. ಅವರ ತಮ್ಮನ ಮಗನೊಂದಿಗೆ ಬದುವಿನ ವ್ಯಾಜ್ಯವಿತ್ತು. ಊರು ಅವನ ಕಡೆ ಬೆರಳು ತೋರಿತು. ಪೊಲೀಸರು ಒಯ್ದು ವಿಚಾರಿಸಿ, ಆಧಾರ ಸಿಗದೆ ಬಿಟ್ಟರು. ಊರು ಬಿಡಲಿಲ್ಲ. ಆ ವರ್ಷದ ಜಾತ್ರೆಯ ದಿನ ಅವನು ದಾಸೋಹದ ಪಂಕ್ತಿಯಲ್ಲಿ ಬಂದು ಕುಳಿತನು. ಎಡಬಲದವರು ಎಲೆ ಬಿಟ್ಟು ಎದ್ದರು. ಹಿರಿಯರು ನಮ್ಮಲ್ಲಿಗೆ ಬಂದು, 'ಅಜ್ಜಾರ, ಅವ ಕುಂತರ ನಾವು ಉಣ್ಣಂಗಿಲ್ರಿ' ಎಂದರು. ಜಾತ್ರೆ ಕೆಡಬಾರದೆಂಬ ಯೋಚನೆಯಿಂದ ನಾವು ಮರಿಯೊಬ್ಬನನ್ನು ಕಳಿಸಿ, 'ಇವತ್ತು ಬ್ಯಾಡ, ಇನ್ನೊಂದು ದಿನ ಬಾ' ಎಂದು ಹೇಳಿಸಿದೆವು. ಅವನು ಒಂದು ಮಾತೂ ಆಡಲಿಲ್ಲ. ಬಡಿಸಿದ ಎಲೆಗೆ ನಮಸ್ಕರಿಸಿ, ಗದ್ದುಗೆಯ ಕಡೆ ಕೈಮುಗಿದು ಹೊರಟುಹೋದನು. ಇನ್ನೊಂದು ದಿನ ಅವನು ಬರಲಿಲ್ಲ. ಆರು ತಿಂಗಳಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರನ್ನೇ ಬಿಟ್ಟನು. ಆ ಕೊಲೆ ಯಾರು ಮಾಡಿದರೆಂಬುದು ಇಂದಿಗೂ ತೀರ್ಮಾನವಾಗಿಲ್ಲ.

ಅವನು ನಿರಪರಾಧಿಯೆಂದು ನಾವು ತೀರ್ಪು ಕೊಡುತ್ತಿಲ್ಲ. ಕೊಟ್ಟರೆ ಅದೂ ಗುಮಾನಿಯೇ ಆದೀತು. ಆದರೆ ಹಸಿದು ಬಂದವನ ಕುಲ ಕೇಳಬಾರದೆಂದು ಬೋಧಿಸುವ ನಾವು, ಅವನ ಮೇಲಿನ ಗುಮಾನಿಯನ್ನು ಕೇಳಿ ಅನ್ನದ ಎಲೆಯಿಂದ ಎಬ್ಬಿಸಿದೆವು. ಊರ ನಾಲಿಗೆ ಬರೆದ ತೀರ್ಪಿಗೆ ಮಠದ ಮುದ್ರೆ ಬಿದ್ದಿತು. ಆ ಮುದ್ರೆ ನಮ್ಮ ಕೈಯದು. ಅವನ ಮಕ್ಕಳು ಇಂದು ಎಲ್ಲಿಯಾದರೂ ಈ ಪತ್ರಿಕೆಯನ್ನು ಓದುತ್ತಿದ್ದರೆ, ಮಠದ ಬಾಗಿಲು ತೆರೆದಿದೆ ಎಂದು ತಿಳಿಯಲಿ. ಅಂದು ಬಡಿಸಿ ಎತ್ತಿದ ಎಲೆಯ ಋಣ ನಮ್ಮ ಮೇಲಿದೆ.

ಅಂತರಂಗ ಬಹಿರಂಗಗಳ ಶುದ್ಧಿಗೆಂದು ಬಸವಣ್ಣನವರು ಏಳು ನಿಷೇಧಗಳನ್ನು ಹೇಳಿದ್ದಾರೆ. ಕೊಲ್ಲಬಾರದೆಂಬುದು ಅದರಲ್ಲಿದೆ, ಸುಳ್ಳಾಡಬಾರದೆಂಬುದು ಇದೆ, ಎದುರಿನವರನ್ನು ಹಳಿಯಬಾರದೆಂಬುದೂ ಇದೆ. ಇದು ದೊಡ್ಡ ಪಾಪ, ಇದು ಸಣ್ಣ ಪಾಪ ಎಂದು ಅವರು ವಿಂಗಡಿಸಲಿಲ್ಲ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಇಟ್ಟರು. ಕೊಲೆಯನ್ನು ಕಂಡು ಹೌಹಾರುವ ನಾವು ಅದೇ ಸಾಲಿನ ಹಳಿಯುವ ಪಾಪವನ್ನು ಎಲೆ ಅಡಿಕೆಯಂತೆ ಮೆಲ್ಲುತ್ತೇವೆ. ಪ್ರಾಣ ತೆಗೆದವನು ಒಂದು ಕೊಲೆ ಮಾಡಿದನು. ಮಾನ ತೆಗೆಯುವವರು ದಿನವೂ ಮಾಡುತ್ತಾರೆ.

'ಹಾಗಾದರೆ ಬಾಯಿ ಮುಚ್ಚಿಕೊಂಡು ಇರಬೇಕೇ? ಜನ ಮಾತಾಡದಿದ್ದರೆ ಹಣವಂತರು, ಅಧಿಕಾರವಂತರು ಕೊಲೆ ಮಾಡಿ ದಕ್ಕಿಸಿಕೊಳ್ಳುವುದಿಲ್ಲವೇ?' ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಡವರ ಮನೆಯ ಕೊಲೆಯ ಫೈಲು ಠಾಣೆಯಲ್ಲಿ ಧೂಳು ತಿನ್ನುವುದನ್ನು ನಾವೂ ಕಂಡಿದ್ದೇವೆ. ಅಂಥಲ್ಲಿ ಊರು ಒಟ್ಟಾಗಿ ಎದ್ದು ನಿಂತು, 'ತನಿಖೆ ಸರಿಯಾಗಿ ಆಗಬೇಕು' ಎಂದು ಕೇಳಲೇಬೇಕು. ತಹಶೀಲ್ದಾರರ ಕಚೇರಿಗೆ ಹೋಗಲಿ, ಮೇಲಧಿಕಾರಿಗಳಿಗೆ ಬರೆಯಲಿ, ಉಚ್ಚ ನ್ಯಾಯಾಲಯಕ್ಕೂ ಹೋಗಲಿ. ಮಠಗಳೂ ಅವರ ಜೊತೆ ನಿಲ್ಲಬೇಕು. ಆದರೆ 'ತನಿಖೆ ಮಾಡಿ' ಎಂದು ಕೇಳುವುದು ಬೇರೆ, 'ಇವನನ್ನೇ ಹಿಡಿಯಿರಿ' ಎಂದು ಕೂಗುವುದು ಬೇರೆ. ಮೊದಲನೆಯದು ನ್ಯಾಯವನ್ನು ಎಬ್ಬಿಸುತ್ತದೆ. ಎರಡನೆಯದು ನ್ಯಾಯದ ಕಣ್ಣಿಗೆ ಪಟ್ಟಿ ಕಟ್ಟುತ್ತದೆ. ಪೊಲೀಸರು ಊರು ತೋರಿಸಿದವನ ಹಿಂದೆಯೇ ಹೋಗುತ್ತಾರೆ, ನಿಜವಾದವನು ಗುಂಪಿನಲ್ಲಿಯೇ ನಿಂತು ತಾನೂ ಒಂದು ಹೆಸರು ಹೇಳುತ್ತಾನೆ.

ಮಾತಾಡಬೇಕಾದಲ್ಲಿ ಮೌನ, ಮೌನವಾಗಿರಬೇಕಾದಲ್ಲಿ ಮಾತು. ಇದೇ ನಮ್ಮ ರೋಗ. ಆ ಜರ್ಮನ್ ಯಜಮಾನನು ಕೊಲೆಯಾಗುವ ಕೆಲವು ದಿನಗಳ ಮೊದಲು ಹಿಮದಲ್ಲಿ ತನ್ನ ಮನೆಯ ಕಡೆ ಬಂದ ಹೆಜ್ಜೆಗಳನ್ನು ಕಂಡಿದ್ದನಂತೆ. ಮರಳಿ ಹೋದ ಹೆಜ್ಜೆಗಳು ಇರಲಿಲ್ಲ. ಅದನ್ನು ನೆರೆಯವರಿಗೆ ಹೇಳಿದನು. ಪೊಲೀಸರಿಗೆ ಅವನೂ ಹೇಳಲಿಲ್ಲ, ಕೇಳಿದವರೂ ಹೇಳಲಿಲ್ಲ. ಅಂದು ಒಬ್ಬರು ಆಡಬೇಕಾಗಿದ್ದ ಒಂದು ಮಾತಿನ ಬದಲಿಗೆ ಮುಂದೆ ನೂರು ವರ್ಷ ಸಾವಿರಾರು ಜನ ಆಡಿದರು. ಕೊಲೆಯಂಥ ಅಪರಾಧದ ವಿಷಯ ತಿಳಿದವರು ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ಕೂಡಲೇ ತಿಳಿಸಬೇಕೆಂದು ನಮ್ಮ ಕಾನೂನು ಹೇಳುತ್ತದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 39ನೆಯ ಕಲಮಿನಲ್ಲಿ ಇದ್ದ ಈ ಕರ್ತವ್ಯ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 33ನೆಯ ಕಲಮಾಗಿದೆ. ಕಂಡದ್ದನ್ನು ಕಂಡಷ್ಟೇ ಠಾಣೆಯಲ್ಲಿ ಹೇಳುವುದು ಧರ್ಮ. ಕಾಣದ್ದನ್ನು ಕಟ್ಟೆಯ ಮೇಲೆ ಹೇಳುವುದು ಅಧರ್ಮ; ಹೊಸ ನ್ಯಾಯ ಸಂಹಿತೆಯ 356ನೆಯ ಕಲಮಿನಂತೆ ಮಾನಹಾನಿ ಶಿಕ್ಷಾರ್ಹ ಅಪರಾಧವೂ ಹೌದು. ಇದನ್ನು ವಾಟ್ಸಾಪಿನಲ್ಲಿ ಮುಂದಕ್ಕೆ ಕಳಿಸುವವರು ನೆನಪಿಡಬೇಕು. ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ ಎಂಬ ಮಾತು ಶಿವನ ಮುಂದೆ ನಡೆಯದು.

ಇನ್ನೊಂದು ಮಾತು. ಇಂಥ ಸಂದರ್ಭದಲ್ಲಿ ಅಂಜನ ಹಾಕಿಸುವವರು, ಮೈಮೇಲೆ ಬಂದವರನ್ನು ಕೇಳುವವರು, ನಿಂಬೆಹಣ್ಣು ಹಿಡಿದು ಮಠಕ್ಕೆ ಬರುವವರೂ ಇದ್ದಾರೆ. ವಿದ್ಯಾವಂತರ ನಾಡೆನಿಸಿದ ಜರ್ಮನಿಯಲ್ಲಿಯೂ ಆ ಆರು ಜನರ ತಲೆಬುರುಡೆಗಳನ್ನು ಬೇರ್ಪಡಿಸಿ ದಿವ್ಯದೃಷ್ಟಿಯವರಿಗೆ ತೋರಿಸಿದರು. ಏನೂ ತಿಳಿಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಬುರುಡೆಗಳೂ ಕಳೆದುಹೋದವು. ವಾಯ್ಡ್‌ಹೋಫೆನ್ ಎಂಬ ಊರಿನ ಸ್ಮಶಾನದಲ್ಲಿ ಆ ಆರು ದೇಹಗಳು ತಲೆಯಿಲ್ಲದೆ ಮಲಗಿವೆ. ಭಕ್ತರಲ್ಲಿ ನಮ್ಮ ಸ್ಪಷ್ಟ ಮಾತು: ಕೊಲೆಗಾರನ ಹೆಸರು ಕೇಳಲು ಯಾರೂ ನಮ್ಮ ಮಠಕ್ಕೆ ಬರಬಾರದು. ಗುರುವಿನ ಕೆಲಸ ಅರಿವು ಕೊಡುವುದು, ಆರೋಪ ಹೊರಿಸುವುದಲ್ಲ. ದುಃಖದಲ್ಲಿರುವ ಮನೆಯವರು ಸಮಾಧಾನಕ್ಕೆ ಬರಲಿ. ಗುಮಾನಿಗೆ ಗುರಿಯಾದವರು ಪ್ರಸಾದಕ್ಕೆ ಬರಲಿ. ಇಬ್ಬರಿಗೂ ಒಂದೇ ಪಂಕ್ತಿಯಲ್ಲಿ ಎಲೆ ಬೀಳುತ್ತದೆ.

2007ರಲ್ಲಿ ಜರ್ಮನಿಯ ಫ್ಯೂರ್ಸ್ಟನ್‌ಫೆಲ್ಡ್‌ಬ್ರುಕ್ ಪೊಲೀಸ್ ಶಾಲೆಯ ವಿದ್ಯಾರ್ಥಿಗಳು ಈ ಹಳೆಯ ಕೊಲೆಯನ್ನು ಹೊಸ ಪದ್ಧತಿಯಿಂದ ಅಭ್ಯಾಸ ಮಾಡಿದರು. ಇಷ್ಟು ಕಾಲವಾದ ಮೇಲೆ ಇದನ್ನು ಖಚಿತವಾಗಿ ಬಿಡಿಸಲಾಗದೆಂದು ಅವರು ತೀರ್ಮಾನಿಸಿದರು. ತಮ್ಮೊಳಗೆ ಒಬ್ಬನ ಮೇಲೆ ಹೆಚ್ಚಿನ ಸಂಶಯವಿದೆಯೆಂದು ಒಪ್ಪಿಕೊಂಡರೂ ಅವನ ಹೆಸರನ್ನು ಅವರು ಪ್ರಕಟಿಸಲಿಲ್ಲ. ಬದುಕಿರುವ ಬಂಧುಗಳಿಗೆ ನೋವಾಗಬಾರದೆಂಬುದ ಕಾರಣ. ಕೊಲೆಯಾಗಿ 85 ವರ್ಷ. ಸಂಶಯಕ್ಕೆ ಗುರಿಯಾದವರೆಲ್ಲ ಮಣ್ಣಾಗಿದ್ದಾರೆ. ಕೈಯಲ್ಲಿ ದಾಖಲೆಗಳಿವೆ, ತಲೆಯಲ್ಲಿ ವಿದ್ಯೆಯಿದೆ. ಆದರೂ ಆ ತರುಣರು ನಾಲಿಗೆಯನ್ನು ಹಿಡಿದರು. ಏನನ್ನೂ ಅಭ್ಯಾಸ ಮಾಡದ ನಾವು ಅರ್ಧ ತಾಸಿನಲ್ಲಿ ಮೂರು ಹೆಸರು ಹೇಳಿದೆವು.

ಅಂದು ಕಟ್ಟೆಯ ಮೇಲೆ ಹಿರಿಯರು ಕೇಳಿದ ಪ್ರಶ್ನೆಗೆ ನಾವು ಕೊಟ್ಟ ಉತ್ತರವನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. 'ಗೌಡ್ರ, ನಮ್ಮ ಸಂಶಯ ನಮ್ಮ ನಾಲಿಗಿ ಮ್ಯಾಲ ಐತಿ. ಮೊದಲ ಅದರ ವಿಚಾರಣೆ ಆಗಲಿ' ಎಂದೆವು. ಅವರು ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತರು. ಆಮೇಲೆ, 'ಆ ಮನ್ಯಾಗ ಉಳದಾವ್ರು ಯಾರರ ಅದಾರೇನ್ರಿ? ಅವರಿಗೆ ಉಣ್ಣಾಕ ತಿನ್ನಾಕ ಏನ್ ಗತಿರಿ?' ಎಂದು ಕೇಳಿದರು. ಕೊಲೆಯ ಸುದ್ದಿ ಕೇಳಿದವರು ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಸರ್ವರಿಗೂ ಸನ್ಮಂಗಲವಾಗಲಿ.